ಗೇರ್ ಆಯಿಲ್ ನೋಡಿಸಿಕೊಳ್ಳಿ
ಎಲ್ಲರಿಗೂ ನಮಸ್ಕಾರ. ಬೇಸಿಗೆ ಜೋರಾಗುವ ಮೊದಲು ಗೇರ್‌ಬಾಕ್ಸ್ ಕಡೆ ಸ್ವಲ್ಪ ಗಮನ ಕೊಡಿ. ಇಂಜಿನ್ ಆಯಿಲ್ ನೆನಪಿರುತ್ತದೆ, ಗೇರ್ ಆಯಿಲ್ ಮಾತ್ರ ಮರೆತೇ ಹೋಗುತ್ತದೆ, ಅಲ್ವಾ? ಚೆನ್ನಾಗಿ ನೋಡಿಕೊಂಡರೆ ಗೇರ್‌ಬಾಕ್ಸ್ 2 ಲಕ್ಷ ಕಿಲೋಮೀಟರ್ ದಾಟಿಯೂ ಓಡುತ್ತದೆ. ಆಯಿಲ್ ಯಾವಾಗ ಬದಲಿಸಬೇಕು ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲೇ ಇರುತ್ತದೆ, ತೆಗೆದು ನೋಡಿ.

ಆಟೋಮ್ಯಾಟಿಕ್ ಗಾಡಿಯವರು ಇನ್ನೂ ಜಾಸ್ತಿ ಹುಷಾರಾಗಿರಿ. ನಮ್ಮ ಕಲಬುರಗಿಯ 42 ಡಿಗ್ರಿ ಬಿಸಿಲಲ್ಲಿ, ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡಿಸಿದರೆ ಆಯಿಲ್ ಕಾದು ಬೇಗ ಹಾಳಾಗುತ್ತದೆ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಗೇರ್ ಬೀಳುವಾಗ ಗಾಡಿ ಜಗ್ಗಿದರೆ ತಡ ಮಾಡಬೇಡಿ. ಕ್ಲಚ್ ಇರುವ ಗಾಡಿಯವರು ಸುಮ್ನೆ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡಿ. ಗಾಡಿ ಪೂರ್ತಿ ನಿಂತ ಮೇಲೆಯೇ ರಿವರ್ಸ್ ಹಾಕಿ. ಬೆಳಿಗ್ಗೆ ಗಾಡಿ ತೆಗೆದ ಜಾಗದಲ್ಲಿ ಎಣ್ಣೆ ಹನಿ ಕಂಡರೆ ಅವತ್ತೇ ಮೆಕ್ಯಾನಿಕ್‌ಗೆ ತೋರಿಸಿ.