ಕತ್ತರಿಸಿದ ಮರಿಗೆ ಬೆಲೆ ಸಿಗದಂತೆ ಮಾಡಿ: ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾಯಿಮರಿಗಳ ಕಿವಿ, ಬಾಲ ಕತ್ತರಿಸುವುದಕ್ಕೆ ಕಡಿವಾಣ ಹಾಕುವ ನಿಯಮವನ್ನು ಹೇಗೆ ಬರೆಯಬೇಕು ಎಂಬ ಒಂದೇ ವಿಷಯಕ್ಕೆ ಈ ಪತ್ರ. ಕತ್ತರಿ ಹಿಡಿದ ಕೈಯನ್ನು ಹಿಡಿಯುವುದು ಬಹುಮಟ್ಟಿಗೆ ಆಗದ ಕೆಲಸ. ಕತ್ತರಿಸಿದ ಮರಿಗೆ ಬೆಲೆ ಸಿಗದಂತೆ ಮಾಡುವುದು ಆಗುವ ಕೆಲಸ. ನಿಯಮದ ಭಾರವೆಲ್ಲ ಈ ಎರಡನೆಯದರ ಮೇಲೆ ಬೀಳಬೇಕು.

ಬಾಲದ ಕೆಲಸ ಎಷ್ಟು ಬೇಗ ಮುಗಿಯುತ್ತದೆ ನೋಡಿ. ಮರಿಗೆ ಮೂರರಿಂದ ಐದು ದಿನ. ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಒಬ್ಬರು ಅಂಗೈಯಲ್ಲಿ ಹಿಡಿದುಕೊಳ್ಳುತ್ತಾರೆ. ಇನ್ನೊಬ್ಬರು ಬಾಲದ ಚರ್ಮವನ್ನು ಬುಡದ ಕಡೆಗೆ ಸರಿಸಿ, ಕತ್ತರಿ ಹಾಕಿ, ಒಂದೆರಡು ಹೊಲಿಗೆ ಹಾಕುತ್ತಾರೆ. ಅರಿವಳಿಕೆ ಸಾಮಾನ್ಯವಾಗಿ ಇರುವುದಿಲ್ಲ. ಕೆಲವರು ಬಿಗಿಯಾದ ರಬ್ಬರ್ ಬ್ಯಾಂಡ್ ಹಾಕಿ ರಕ್ತ ಹರಿಯದಂತೆ ಮಾಡುತ್ತಾರೆ. ಕೆಲವೇ ದಿನಗಳಲ್ಲಿ ತುದಿ ಒಣಗಿ ಉದುರುತ್ತದೆ. ಅಷ್ಟು ಎಳೆಯ ಮರಿಗೆ ನೋವು ತಿಳಿಯದು ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ನೋವಿನ ಸುದ್ದಿ ಒಯ್ಯುವ ನರಗಳು ಹುಟ್ಟುವಾಗಲೇ ಕೆಲಸ ಮಾಡುತ್ತಿರುತ್ತವೆ. ಆ ನೋವನ್ನು ತಗ್ಗಿಸುವ ವ್ಯವಸ್ಥೆ ಬಲಿಯುವುದು ಆಮೇಲೆ. ಕೆಲವು ನಾಯಿಗಳಲ್ಲಿ ಕತ್ತರಿಸಿದ ನರದ ತುದಿ ಗಂಟುಗಟ್ಟಿ, ದೊಡ್ಡದಾದ ಮೇಲೂ ಮೋಟು ಬಾಲ ಮುಟ್ಟಿಸಿಕೊಳ್ಳದಷ್ಟು ನೋಯುತ್ತದೆ.

ಕಿವಿಯದ್ದು ಇದಕ್ಕಿಂತ ದೀರ್ಘವಾದ ಹಿಂಸೆ. ಡಾಬರ್‌ಮನ್, ಗ್ರೇಟ್ ಡೇನ್, ಬಾಕ್ಸರ್ ಮರಿಗಳಿಗೆ ಸುಮಾರು ಏಳರಿಂದ ಹನ್ನೆರಡು ವಾರಗಳಾದಾಗ ಕಿವಿಯ ಹಾಳೆಯ ಮೂರನೇ ಒಂದು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಕತ್ತರಿಸಿ ಅಂಚು ಹೊಲಿಯುತ್ತಾರೆ. ಇದಕ್ಕೆ ಪೂರ್ಣ ಅರಿವಳಿಕೆ ಬೇಕು. ಆ ವಯಸ್ಸಿನ ಮರಿಯ ಮೈ ಬೇಗ ತಣ್ಣಗಾಗುತ್ತದೆ, ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಹಿತ್ತಲಲ್ಲಿ ಬ್ಲೇಡ್ ಹಿಡಿಯುವವರ ಬಳಿ ಅರಿವಳಿಕೆಯೂ ಇಲ್ಲ, ಮರಿಯನ್ನು ಬೆಚ್ಚಗಿಡುವ ಏರ್ಪಾಡೂ ಇಲ್ಲ. ಆಮೇಲೆ ಕಿವಿ ನೆಟ್ಟಗೆ ನಿಲ್ಲಲಿ ಎಂದು ಕಡ್ಡಿಯನ್ನೋ ಫೋಮನ್ನೋ ಇಟ್ಟು ಟೇಪು ಸುತ್ತುತ್ತಾರೆ. ಕೆಲವು ದಿನಗಳಿಗೊಮ್ಮೆ ಬಿಚ್ಚಿ ಮತ್ತೆ ಸುತ್ತಬೇಕು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಪ್ರತಿ ಸಲ ಟೇಪಿನ ಜೊತೆ ಕೂದಲು ಕಿತ್ತು ಬರುತ್ತದೆ. ಒಳಗೆ ತೇವ ನಿಂತಿದ್ದರೆ ಕೀವು, ನಾತ. ಗಾಯದ ಕಲೆ ಬಿಗಿದುಕೊಂಡರೆ ಕಿವಿ ಸೊಟ್ಟಗಾಗುತ್ತದೆ, ಆಗ ಇನ್ನೊಮ್ಮೆ ಕತ್ತರಿ. ಮನುಷ್ಯರನ್ನೂ ಬೇರೆ ನಾಯಿಗಳನ್ನೂ ನಂಬಲು ಕಲಿಯಬೇಕಾದ ವಾರಗಳು ಇವೇ. ಆ ವಾರಗಳಲ್ಲಿ ಕೈ ಎಂದರೆ ನೋವು ಎಂದು ಮರಿ ಕಲಿತರೆ ತಪ್ಪು ಮರಿಯದ್ದಲ್ಲ.

ಕಿವಿ ಕತ್ತರಿಸಿದರೆ ಸೋಂಕು ಬರುವುದಿಲ್ಲ ಎನ್ನುವವರು ತಮ್ಮ ಮುಂದೆ ಬರುತ್ತಾರೆ. ಸೋಂಕು ಹುಟ್ಟುವುದು ಕೆಳಗಿಳಿದು ಒಳಕ್ಕೆ ತಿರುಗುವ ಕಿವಿ ನಾಳದಲ್ಲಿ, ಹೆಚ್ಚಾಗಿ ಚರ್ಮದ ಅಲರ್ಜಿಯಿಂದ. ಇಳಿಬಿದ್ದ ಕಿವಿಯ ಲ್ಯಾಬ್ರಡಾರ್‌ಗೆ ಯಾರೂ ಕತ್ತರಿ ಹಾಕುವುದಿಲ್ಲ ಎಂಬುದನ್ನು ಅವರಿಗೆ ನೆನಪಿಸಿ. ಬಾಲಕ್ಕೆ ಪೆಟ್ಟಾಗುತ್ತದೆ ಎಂಬ ವಾದಕ್ಕೆ ಲೆಕ್ಕವೇ ಇದೆ: ಬ್ರಿಟನ್‌ನಲ್ಲಿ 1,38,212 ನಾಯಿಗಳ ದಾಖಲೆ ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಬಾಲದ ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕು. ಪೊದೆಗಳಲ್ಲಿ ನುಗ್ಗಿ ಕೆಲಸ ಮಾಡುವ ಸ್ಪೇನಿಯಲ್‌ಗಳಲ್ಲಿ ಗಾಯ ಹೆಚ್ಚು, ಅದನ್ನು ಒಪ್ಪಬೇಕು. ಆದರೆ ಮನೆಯ ಸೋಫಾ ಮೇಲೆ ಮಲಗುವ ಕಾಕರ್ ಸ್ಪೇನಿಯಲ್‌ಗೆ ಆ ನೆಪ ಹೊಂದುವುದಿಲ್ಲ. ಬಾಲ ನಾಯಿಯ ಮಾತೂ ಹೌದು. ಕೆನಡಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯಾಂತ್ರಿಕ ನಾಯಿಯ ಬಾಲ ಉದ್ದವಿದ್ದಾಗ, ಅದು ಅಲ್ಲಾಡುತ್ತಿದೆಯೋ ಇಲ್ಲವೋ ನೋಡಿ ದೊಡ್ಡ ನಾಯಿಗಳು ಹತ್ತಿರ ಬರುತ್ತಿದ್ದವು. ಬಾಲ ಮೋಟಾದಾಗ ಆ ವ್ಯತ್ಯಾಸ ಅವಕ್ಕೆ ತಿಳಿಯಲಿಲ್ಲ.

ಈಗ ನಿಯಮದ ಮಾತು. ಸಾಕುಪ್ರಾಣಿಗಳ ರಕ್ಷಣೆಯ 1987ರ ಯುರೋಪಿಯನ್ ಒಪ್ಪಂದ ಎರಡನ್ನೂ ನಿಷೇಧಿಸಿತು, ಆದರೆ ಬಾಲದ ವಿಷಯದಲ್ಲಿ ಬೇಕಾದ ದೇಶ ಹೊರಗುಳಿಯಬಹುದು ಎಂದು ಬಾಗಿಲು ತೆರೆದಿಟ್ಟಿತು. ಜರ್ಮನಿಯಲ್ಲಿ ಕಿವಿಗೆ 1987ರಲ್ಲಿ, ಬಾಲಕ್ಕೆ 1998ರಲ್ಲಿ ತಡೆ ಬಂತು. ಇಂಗ್ಲೆಂಡಿನ 2006ರ ಕಾಯ್ದೆ ಕತ್ತರಿಸುವುದನ್ನು ಅಪರಾಧವೆಂದಿತು; ಆದರೆ ಕಿವಿ ಕತ್ತರಿಸಿದ ನಾಯಿಯನ್ನು ಹೊರದೇಶದಿಂದ ತರುವ ದಾರಿ ವರ್ಷಗಟ್ಟಲೆ ತೆರೆದೇ ಇತ್ತು. ಅಲ್ಲೇ ಕದ್ದು ಕತ್ತರಿಸಿದವರಿಗೂ 'ಹೊರಗಿಂದ ತಂದದ್ದು' ಎಂಬ ಸಬೂಬು ಸಿಕ್ಕಿತು. ಈ ತಪ್ಪು ನಮ್ಮಲ್ಲಿ ಆಗಬಾರದು.

ಆದ್ದರಿಂದ ನಿಗದಿತ ದಿನಾಂಕದ ನಂತರ ಹುಟ್ಟಿದ, ಕಿವಿಯನ್ನೋ ಬಾಲವನ್ನೋ ಕತ್ತರಿಸಿದ ನಾಯಿಯನ್ನು ಮಾರುವುದು, ಜಾಹೀರಾತು ಹಾಕುವುದು, ಡಾಗ್ ಶೋನಲ್ಲಿ ನಿಲ್ಲಿಸುವುದು, ಹೊರಗಿಂದ ತರುವುದು, ಇವೆಲ್ಲ ಕತ್ತರಿಸಿದಷ್ಟೇ ಅಪರಾಧವಾಗಲಿ. ಅದಕ್ಕಿಂತ ಮೊದಲೇ ಇರುವ ನಾಯಿಗಳಿಗೆ 90 ದಿನ ಕೊಟ್ಟು, ಚರ್ಮದಡಿ ಗುರುತಿನ ಸಂಖ್ಯೆಯ ಮೈಕ್ರೋಚಿಪ್ ಹಾಕಿಸಿ, ಫೋಟೋ ಸಮೇತ ನೋಂದಾಯಿಸಿಕೊಳ್ಳಿ. ಚಿಕಿತ್ಸೆಗಾಗಿ ಕತ್ತರಿಸಬೇಕಾದಾಗ, ಅಂದರೆ ಗೆಡ್ಡೆ, ಕೊಳೆತ, ಜಜ್ಜಿಹೋದ ಮೂಳೆ ಇದ್ದಾಗ, ಪಶುವೈದ್ಯರ ಸಹಿ, ಗಾಯದ ಫೋಟೋ, ಮೂಳೆಯ ತೊಂದರೆಯಾದರೆ ಎಕ್ಸ್‌ರೇ, ಬಳಸಿದ ಅರಿವಳಿಕೆಯ ಹೆಸರು, ಚಿಪ್ ಸಂಖ್ಯೆ ಒಂದೇ ಹಾಳೆಯಲ್ಲಿರಲಿ. 'ಇದು ಹುಟ್ಟಿನಿಂದಲೇ ಮೋಟು ಬಾಲ' ಎನ್ನುವವರೂ ಬರುತ್ತಾರೆ. ಪೆಂಬ್ರೋಕ್ ಕಾರ್ಗಿಯಂಥ ಕೆಲವು ತಳಿಗಳಲ್ಲಿ ಅದು ನಿಜ, ಅದಕ್ಕೆ ಜೀನ್ ಪರೀಕ್ಷೆಯೂ ಇದೆ, ವರದಿ ತರಲಿ. ಡಾಬರ್‌ಮನ್‌ಗೆ ಆ ಮಾತು ನಡೆಯುವುದಿಲ್ಲ.

ಇನ್ನೊಂದನ್ನು ಬಿಡಬೇಡಿ. ಕಿವಿ ಕೊಳೆಯುತ್ತಿರುವ ಮರಿಯನ್ನು ಆಸ್ಪತ್ರೆಗೆ ತಂದವರಿಗೆ ಬಾಗಿಲಲ್ಲೇ ದಂಡ ಹಾಕಿದರೆ, ಮುಂದಿನ ಮರಿ ಆಸ್ಪತ್ರೆಗೆ ಬರುವುದೇ ಇಲ್ಲ. ಮೊದಲು ಚಿಕಿತ್ಸೆ ಆಗಲಿ. ಮರಿ ಮಾರಿದವರು ಯಾರು ಎಂದು ವೈದ್ಯರು ಬರೆದುಕೊಂಡು ಇಲಾಖೆಗೆ ತಿಳಿಸಲಿ. ಹಾಗೆ ತಿಳಿಸಿದ ವೈದ್ಯರ ಹೆಸರು ಗೋಪ್ಯವಾಗಿರಲಿ, ಇದನ್ನೂ ನಿಯಮದಲ್ಲೇ ಬರೆಯಿರಿ.

ವಂದನೆಗಳೊಂದಿಗೆ,
ನಾಯಿಗಳ ಆರೈಕೆಯಲ್ಲಿ ತೊಡಗಿರುವ ಪಶುವೈದ್ಯರು ಮತ್ತು ಕಾರ್ಯಕರ್ತರು