ಮೆಲುದನಿಯ ಚಿತ್ರಕ್ಕೆ ಬೇರೆ ಅಳತೆ

ಮಾನ್ಯರೇ,

ಅಗಲಿಕೆಯ ನೋವು, ಚೇತರಿಕೆ, ನಿರೀಕ್ಷಿಸದೆ ಹುಟ್ಟುವ ಪ್ರೀತಿಯ ಚಿತ್ರಗಳು ಮೈಸೂರಿನ ಪರದೆಗೆ ಬರುವುದೇ ಅಪರೂಪ. ಬಂದರೂ ಪ್ರದರ್ಶನದಲ್ಲಿ ಸೊರಗುತ್ತವೆ. ಚಿತ್ರಮಂದಿರದ ಧ್ವನಿ ನಿಯಂತ್ರಿಸುವ ಡಾಲ್ಬಿ ಪ್ರೊಸೆಸರ್‌ನಲ್ಲಿ ಪ್ರಮಾಣಿತ ಧ್ವನಿಮಟ್ಟ 7. ಹೊಡೆದಾಟದ ಚಿತ್ರದ ಅಬ್ಬರಕ್ಕೆ ಹೆದರಿ 4.5ಕ್ಕೆ ಇಳಿಸಿದ್ದನ್ನು ಮತ್ತೆ ಏರಿಸದಿದ್ದರೆ ಪಿಸುಮಾತು, ಬಿಕ್ಕಳಿಕೆ ಎಲ್ಲ ಫ್ಯಾನಿನ ಸದ್ದಿಗೆ ಬಲಿ. ಪ್ರೊಜೆಕ್ಟರ್‌ನ 3ಡಿ ಫಿಲ್ಟರ್ ತೆಗೆಯದೆ 2ಡಿ ಓಡಿಸಿದರೆ ಬೆಳಕು ಕುಸಿದು, ಕತ್ತಲ ಕೋಣೆಯ ದೃಶ್ಯದಲ್ಲಿ ಮುಖಭಾವವೇ ಕಾಣದು. ಇಂಟರ್‌ವಲ್ ಗುರುತಿಲ್ಲದ ಚಿತ್ರವನ್ನು ಗಡಿಯಾರ ನೋಡಿ, ಅಳುವ ಗಳಿಗೆಯಲ್ಲೇ ನಿಲ್ಲಿಸಿ ಗುಟ್ಕಾ ಎಚ್ಚರಿಕೆ ತೋರಿಸುವುದಂತೂ ಕ್ರೌರ್ಯ!

ಚಿತ್ರಮಂದಿರದವರು ಮೊದಲ ಆಟಕ್ಕೆ ಮುನ್ನ ಮೆಲುಮಾತಿನ ಒಂದು ದೃಶ್ಯ ಹಾಕಿ, ಹಿಂದಿನ ಸಾಲಿನಲ್ಲಿ ಕೂತು ಕೇಳಿ, ಮಾತು ಸ್ಪಷ್ಟವಾಗುವವರೆಗೆ ಅರ್ಧರ್ಧ ಅಂಕ ಏರಿಸಿದರಾಯಿತು. ವಿರಾಮವನ್ನು ದೃಶ್ಯ ಮುಗಿದಲ್ಲಿ ಕೊಡಿ. ಕೊನೆಯ ಹೆಸರುಗಳು ಸರಿಯುವವರೆಗೂ ದೀಪ ಹಾಕಬೇಡಿ.

– ಚಿತ್ರಾಸಕ್ತರು, ಸರಸ್ವತಿಪುರಂ, ಮೈಸೂರು