ಸನ್ನದು ಸಿಗುವ ಮೊದಲು ಕರಿಕೋಟು ಬೇಡ

ಪ್ರೀತಿಯ ಸೋದರಳಿಯನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಅಮೆರಿಕದ ಥ್ರಿಲ್ಲರ್ ಓದಿ ಮುಗಿಸಿದೆ. ಸಾಲದಲ್ಲಿ ಮುಳುಗಿದ ಲಾ ವಿದ್ಯಾರ್ಥಿಗಳು ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಇಲ್ಲದೆ ಕೋರ್ಟಿಗೆ ನುಗ್ಗುವ ಕಥೆ. ಓದಿಸಿಕೊಂಡು ಹೋಗುತ್ತದೆ, ಸುಳ್ಳು ಹೇಳಲಾರೆ. ಊಟಕ್ಕೆ ಏಳದೆ ನಿನ್ನ ಅತ್ತೆಯಿಂದ ಬೈಸಿಕೊಂಡೆ. ಆದರೆ ಪುಸ್ತಕದ ಬೆನ್ನಿಗೆ ಬಂತಲ್ಲ ನಿನ್ನ ಮೆಸೇಜು, ಅದನ್ನು ಓದಿ ನಿದ್ದೆ ಹಾರಿತು. ಲಾ ಪರೀಕ್ಷೆಯ ಒಂದು ಪೇಪರ್ ಬಾಕಿ ಉಂಟು, ವಿದ್ಯಾಸಾಲ ಕೊಟ್ಟ ಬ್ಯಾಂಕಿನಿಂದ ಫೋನ್ ಶುರುವಾಗಿದೆ, ಅಲ್ಲಿ ಬೆಂಗಳೂರಿನಲ್ಲಿ ಯಾರೋ ವಕೀಲರು "ಕೋಟು ಹಾಕ್ಕೊಂಡು ಬಾ, ಸಣ್ಣಪುಟ್ಟ ಜಾಮೀನು ಅರ್ಜಿಗೆ ನನ್ನ ಹೆಸರಲ್ಲಿ ನಿಲ್ಲು, ಯಾರು ಕೇಳ್ತಾರೆ" ಅಂದಿದ್ದಾರೆ. ಹೂಂ ಅನ್ನಲೋ ಬೇಡವೋ ಅಂತ ಕೇಳಿದ್ದೀಯ.

ಬೇಡ.

ವಕೀಲರ ಗುಮಾಸ್ತನಾಗಿ ಇಲ್ಲಿ ಕಾಸರಗೋಡಿನ ವಿದ್ಯಾನಗರದ ಕೋರ್ಟಿನಲ್ಲೇ ತಲೆ ನರೆಸಿಕೊಂಡವನು ನಾನು. ಕೇಳುವವರು ಇದ್ದೇ ಇರುತ್ತಾರೆ ಮಾರಾಯ. ಎದುರು ಕಕ್ಷಿಯ ವಕೀಲರು ಕೇಳುತ್ತಾರೆ, ಹೊಟ್ಟೆಕಿಚ್ಚಿನವರು ಕೇಳುತ್ತಾರೆ. 2021ರಲ್ಲಿ ಆಲಪ್ಪುಳದಲ್ಲಿ ಏನಾಯಿತು ನೆನಪಿಲ್ವಾ? ಎಲ್‌ಎಲ್‌ಬಿ ಮುಗಿಸದ ಹುಡುಗಿಯೊಬ್ಬಳು ಬೇರೊಬ್ಬರ ಎನ್‌ರೋಲ್‌ಮೆಂಟ್ ನಂಬರ್ (ವಕೀಲರ ಪಟ್ಟಿಗೆ ಹೆಸರು ಸೇರಿಸುವಾಗ ಕೊಡುವುದು) ಹಾಕಿಕೊಂಡು ವಕೀಲಿಕೆ ಮಾಡುತ್ತಿದ್ದಳು. ಬಾರ್ ಅಸೋಸಿಯೇಶನ್ ಚುನಾವಣೆಗೆ ನಿಂತು ಗೆದ್ದೂ ಇದ್ದಳು. ಹೆಸರಿಲ್ಲದ ಒಂದು ಕಾಗದ ಅಸೋಸಿಯೇಶನ್ನಿಗೆ ಬಂತು, ಎಲ್ಲ ಬಯಲಾಯಿತು. ಆಮೇಲೆ ಪೊಲೀಸ್ ಕೇಸು, ತಲೆಮರೆಸಿಕೊಂಡು ಓಡಾಟ.

ವಕೀಲರ ಕಾಯಿದೆ, ಅಂದರೆ 1961ರದ್ದು, ನೀನೇ ಓದಿದ್ದೀಯ. 45ನೇ ಸೆಕ್ಷನ್ ಪ್ರಕಾರ ಹಕ್ಕಿಲ್ಲದೆ ವಕೀಲಿಕೆ ಮಾಡಿದರೆ 6 ತಿಂಗಳವರೆಗೆ ಜೈಲು. ನನಗೆ ಅದಕ್ಕಿಂತ ಹೆದರಿಕೆ 24ಎ ಸೆಕ್ಷನ್ನಿನದ್ದು. ಮೋಸದಂಥ ಕೇಸಲ್ಲಿ ಶಿಕ್ಷೆಯಾದರೆ, ಬಿಡುಗಡೆಯಾಗಿ 2 ವರ್ಷ ಕಳೆಯುವವರೆಗೆ ಎನ್‌ರೋಲೇ ಆಗುವುದಿಲ್ಲ. ಸಾಲ ತೀರಿಸಲು ಹೋಗಿ, ಯಾವುದಕ್ಕಾಗಿ ಸಾಲ ಮಾಡಿದೆಯೋ ಅದನ್ನೇ ಕಳಕೊಂಡ ಹಾಗಾಗುತ್ತದೆ. ಇನ್ನು ಆ ಜಾಮೀನಿನ ಕಕ್ಷಿ? ಹೆಂಡತಿಯ ಬಳೆ ಅಡವಿಟ್ಟು ಫೀಸು ತಂದಿರುತ್ತಾನೆ. ಅವನ ಪರವಾಗಿ ನಿಂತವನು ವಕೀಲನೇ ಅಲ್ಲ ಅಂತಾದರೆ ಅವನ ಗತಿ ಏನು? ನಿನ್ನ ಕಾದಂಬರಿ ಈ ಮಾತನ್ನು ಬೇಗ ಬೇಗ ದಾಟಿಸಿಬಿಟ್ಟಿತು ಅಂತ ನನಗೆ ಅನಿಸಿತು.

ಈಗ ಸಾಲದ ವಿಷಯಕ್ಕೆ ಬರೋಣ. ನಿನ್ನ ಅಪ್ಪ, ಅಂದರೆ ಭಾವ, ನನ್ನನ್ನೂ ಬ್ಯಾಂಕಿಗೆ ಕರಕೊಂಡು ಹೋಗಿದ್ದರಿಂದ ಆ ಕಾಗದಗಳು ನನಗೆ ಗೊತ್ತು. ವರ್ಷಕ್ಕೆ 1,20,000ದಂತೆ 5 ವರ್ಷ, ಒಟ್ಟು 6 ಲಕ್ಷ. ಓದು ಮುಗಿದ ಮೇಲೂ 1 ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಅದು ಸಾದಾ ಬಡ್ಡಿ. 10%ದ ಲೆಕ್ಕಕ್ಕೆ ಮೊದಲ ವರ್ಷ ಎತ್ತಿದ ಹಣಕ್ಕೆ 6 ವರ್ಷದ್ದು, ಕೊನೆಯ ವರ್ಷದ್ದಕ್ಕೆ 2 ವರ್ಷದ್ದು, ಹೀಗೆ ಕೂಡಿಸುತ್ತಾ ಹೋದರೆ ಬಡ್ಡಿಯೇ 2,40,000 ಆಗುತ್ತದೆ. ಕಂತು ಶುರುವಾಗುವ ದಿನ ನಿನ್ನ ತಲೆ ಮೇಲಿರುವುದು 6 ಲಕ್ಷ ಅಲ್ಲ, 8,40,000. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ದರದಲ್ಲಿ 1% ರಿಯಾಯಿತಿ ಸಿಗಬಹುದು ಅಂತ ಮ್ಯಾನೇಜರು ಅವತ್ತೇ ಹೇಳಿದ್ದರು. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ವರ್ಷ ಭಾವನ ಕೈಯಲ್ಲಿ ಏನಿತ್ತು ಕಟ್ಟಲಿಕ್ಕೆ?

ಆ 8,40,000ವನ್ನು 10 ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 11,100. 15 ವರ್ಷಕ್ಕೆ ಎಳೆದರೆ 9,000ದ ಹತ್ತಿರ. ಒಟ್ಟು ಕಟ್ಟುವುದು ಮೂರು ಲಕ್ಷದಷ್ಟು ಜಾಸ್ತಿಯಾಗುತ್ತದೆ ನಿಜ. ಆದರೂ ನಿನಗೆ ಈಗ 15ನ್ನೇ ಕೇಳು ಅನ್ನುತ್ತೇನೆ. ಕೈಗೆ ಕಾಸು ಬಂದ ಹಾಗೆ ಮೊದಲೇ ತೀರಿಸಿದರೆ ಬೇಡ ಅನ್ನುವವರಿಲ್ಲ. ಪೇಪರ್ ಬಾಕಿ ಇರುವುದನ್ನು ಬ್ಯಾಂಕಿಗೆ ಹೇಳಿದ್ದೀಯಾ? ಇಲ್ಲ ಅಂತ ನನ್ನ ಊಹೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಓದು ಹೇಳಿದ ಸಮಯಕ್ಕೆ ಮುಗಿಯದಿದ್ದರೆ 2 ವರ್ಷದವರೆಗೆ ಅವಧಿ ವಿಸ್ತರಿಸಲು ಅವಕಾಶ ಉಂಟು. ಅವರಾಗಿ ಕರೆದು ಕೊಡುವುದಿಲ್ಲ, ನಾವು ಬರೆದು ಕೇಳಬೇಕು. ಫೋನ್ ಎತ್ತದೆ ಸುಮ್ನೆ ಕೂತರೆ ಅದೂ ಇಲ್ಲ.

ಇನ್ನೊಂದು. ತೋಟ ಹೋಗುತ್ತದೆ ಅಂತ ಅಕ್ಕ ಅಳುತ್ತಿದ್ದಾಳೆ. ಹಾಗೇನೂ ಇಲ್ಲ. 7.5 ಲಕ್ಷದವರೆಗಿನ ವಿದ್ಯಾಸಾಲಕ್ಕೆ ಜಾಗ ಅಡವು ಕೇಳುವ ಪದ್ಧತಿ ಇಲ್ಲ, ನಿನ್ನದಕ್ಕೂ ಕೇಳಿಲ್ಲ. ಆದರೆ ಭಾವ ಸಹ ಸಾಲಗಾರರು. ನೀನು ಕಂತು ತಪ್ಪಿಸಿದರೆ ಅವರ ಸಿಬಿಲ್, ಅಂದರೆ ಸಾಲ ತೀರಿಸುವ ದಾಖಲೆಯ ಅಂಕ, ಕೂಡ ಕೆಡುತ್ತದೆ. ನಾಳೆ ಪಂಪ್‌ಸೆಟ್ಟಿಗೆ ಸಾಲ ಬೇಕೆಂದು ಹೋದರೆ ಕಂಪ್ಯೂಟರ್ ನೋಡಿ ತಲೆಯಾಡಿಸುತ್ತಾರೆ.

ಅಮೆರಿಕದ ಹುಡುಗರ ಕಷ್ಟ ಸುಳ್ಳಲ್ಲ. ಅಲ್ಲಿ ದಿವಾಳಿಯಾದರೂ ವಿದ್ಯಾಸಾಲ ಸುಲಭಕ್ಕೆ ಬಿಡುವುದಿಲ್ಲವಂತೆ. ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹುಡುಕಿದೆ. ನಾರ್ತ್ ಕೆರೊಲಿನಾದ ಶಾರ್ಲೆಟ್ ಅನ್ನುವಲ್ಲಿ ಲಾಭಕ್ಕಾಗಿ ನಡೆಸುತ್ತಿದ್ದ ಒಂದು ಲಾ ಕಾಲೇಜು 2017ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಮೊದಲು, 2016ರ ಡಿಸೆಂಬರಿನಲ್ಲೇ, ಅದಕ್ಕೆ ಸರಕಾರದ ವಿದ್ಯಾಸಾಲ ನಿಂತಿತ್ತು. ಕಾಲೇಜೇ ಮುಚ್ಚಿಹೋದರೆ ಅಲ್ಲಿ ಓದುತ್ತಿದ್ದವರು ಸಾಲ ರದ್ದು ಮಾಡಿ ಅಂತ ಅರ್ಜಿ ಹಾಕಲು ಅಲ್ಲಿನ ಕಾನೂನಿನಲ್ಲೇ ದಾರಿ ಉಂಟು. ಫಾರ್ಮು ತುಂಬುವವರ ಮೇಲೆ ಥ್ರಿಲ್ಲರ್ ಯಾರು ಬರೆಯುತ್ತಾರೆ ಹೇಳು!

ಪೇಪರ್ ಪಾಸು ಮಾಡು, ಕೇರಳದಲ್ಲೇ ಎನ್‌ರೋಲ್ ಆಗು. ಅದಕ್ಕೂ ಇಪ್ಪತ್ತು ಸಾವಿರ ಬೇಕಲ್ಲ ಅಂತ ಅಂದುಕೊಂಡಿರಬಹುದು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಯಿತು: ಸಾಮಾನ್ಯ ವರ್ಗದವರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125, ಅದರ ಮೇಲೆ ಎನ್‌ರೋಲ್‌ಮೆಂಟ್ ಫೀಸು ತಗೊಳ್ಳುವ ಹಾಗಿಲ್ಲ. ಕಿರಿಯ ವಕೀಲರಿಗೆ ತಿಂಗಳಿಗೆ ಹಳ್ಳಿ ಕಡೆ 15,000, ಪಟ್ಟಣದಲ್ಲಿ 20,000 ಕೊಡಿ ಅಂತ ಅದೇ ವರ್ಷ ಬಾರ್ ಕೌನ್ಸಿಲ್ ಸುತ್ತೋಲೆ ಕಳಿಸಿದೆ. ಬರೀ ಶಿಫಾರಸು. ಎಷ್ಟು ಮಂದಿ ಕೊಡುತ್ತಾರೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡ.

ಆದರೆ ಇಲ್ಲಿ ನಿನಗೆ ಒಂದು ಕೆಲಸ ಕಾದಿದೆ. 1956ರ ಮೊದಲು ನಮ್ಮದು ದಕ್ಷಿಣ ಕನ್ನಡ ಜಿಲ್ಲೆ ತಾನೆ. ಆಗಿನ ಆಧಾರಗಳು, ಅಂದರೆ ಜಾಗದ ದಸ್ತಾವೇಜುಗಳು, ಬಹಳಷ್ಟು ಕನ್ನಡದಲ್ಲೇ ಉಂಟು. ಮೊನ್ನೆ ಬದಿಯಡ್ಕ ಕಡೆಯ ಒಬ್ಬರು ಒಂದು ಮೂಲಗೇಣಿ ಚೀಟು, ಅಂದರೆ ಶಾಶ್ವತ ಗೇಣಿಯ ಪತ್ರ, ತಂದಿದ್ದರು. ಮಡಿಕೆಯ ಗೆರೆಯಲ್ಲೆಲ್ಲ ಕಾಗದ ಹರಿದಿದೆ, ಶಾಯಿ ಕಂದಿ ಹೋಗಿದೆ, ಪದಕ್ಕೂ ಪದಕ್ಕೂ ನಡುವೆ ಎಡೆ ಇಲ್ಲ. ಗೇಣಿ ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿಯ ಲೆಕ್ಕದಲ್ಲಿ. ಚತುಸ್ಸೀಮೆಯಲ್ಲಿ, ಅಂದರೆ ಜಾಗದ ಗಡಿಗಳಲ್ಲಿ, ಮೂಡಕ್ಕೆ ಕಟ್ಟಹುಣಿ (ಗದ್ದೆಯ ಬದು), ತೆಂಕಕ್ಕೆ ತೋಡು, ಬಡಗಕ್ಕೆ ಕುಮ್ಕಿ ಗುಡ್ಡೆ (ಸಾಗುವಳಿ ಜಾಗಕ್ಕೆ ತಾಗಿದ ಸರಕಾರಿ ಗುಡ್ಡೆ). ಅವರ ವಕೀಲರು ಒಳ್ಳೆಯ ಹುಡುಗ, ಚುರುಕು. ಆದರೆ ಓದಿದ್ದೆಲ್ಲ ಮಲಯಾಳದಲ್ಲಿ. ಕುಮ್ಕಿ ಅಂದರೆ ಎಂಥದು ಅಂತ ನನ್ನ ಹತ್ತಿರವೇ ಕೇಳಿದರು. ರೀಸರ್ವೆ, ಅಂದರೆ ಜಾಗದ ಮರು ಅಳತೆ, ಆದ ಮೇಲೆ ಗಡಿ ಹೊಂದುವುದಿಲ್ಲ ಅಂತ ಇಂಥ ಕಾಗದ ಹಿಡಕೊಂಡು ಬರುವವರಿಗೆ ಬರವಿಲ್ಲ, ಅದನ್ನು ಓದಬಲ್ಲ ವಕೀಲರಿಗೆ ಬರ. ಕನ್ನಡ ಶಾಲೆಯಲ್ಲಿ ಕಲಿತವನು ನೀನು, ಅಕ್ಷರಗಳನ್ನು ನಾನು ಹೇಳಿಕೊಡುತ್ತೇನೆ. ಆಧಾರ ಓದಿ ಮಲಯಾಳಕ್ಕೋ ಇಂಗ್ಲಿಷಿಗೋ ಕರಡು ಅನುವಾದ ಮಾಡಿಕೊಡಲು ಸನ್ನದು ಬೇಡ. ಕೋಟು ಹಾಕದೆ, ಕೋರ್ಟಿನ ಎದುರು ನಿಲ್ಲದೆ ಮಾಡಬಹುದಾದ ಕೆಲಸ. ನಾನಿದ್ದ ಆಫೀಸಿನಲ್ಲಿ ಮಾತಾಡಿ ಇಟ್ಟಿದ್ದೇನೆ. ತುಂಬ ಏನೂ ಕೊಡುವುದಿಲ್ಲ, ಬಸ್ಸಿಗೆ ಆಗಿ ಸ್ವಲ್ಪ ಮಿಗುತ್ತದೆ.

ಆ ವಕೀಲರಿಗೆ ಇವತ್ತೇ ಆಗುವುದಿಲ್ಲ ಅಂತ ಹೇಳಿಬಿಡು. ಕಾರಣ ಕೊಡಬೇಕಾಗಿಲ್ಲ. ಬರುವಾಗ ಮಾರ್ಕ್ಸ್‌ಕಾರ್ಡು, ಪರೀಕ್ಷೆಯ ಟೈಮ್‌ಟೇಬಲ್, ಬ್ಯಾಂಕಿನಿಂದ ಬಂದ ಕಾಗದ ಏನುಂಟೋ ಎಲ್ಲ ತಾ. ಸೋಮವಾರ ಭಾವನನ್ನೂ ಕರಕೊಂಡು ಮೂವರೂ ಬ್ಯಾಂಕಿಗೆ ಹೋಗೋಣ. ಅರ್ಜಿ ನಾನು ಬರೆದಿಟ್ಟಿರುತ್ತೇನೆ, ನೀನು ತಿದ್ದು. ಅದಕ್ಕೂ ಮೊದಲು ಅಕ್ಕನಿಗೆ ಒಂದು ಫೋನ್ ಮಾಡಿ ತೋಟಕ್ಕೆ ಏನೂ ಆಗುವುದಿಲ್ಲ ಅಂತ ನೀನೇ ಹೇಳು. ನಾನು ಹೇಳಿದರೆ ನಂಬುವುದಿಲ್ಲ.

ಇತಿ ನಿನ್ನ ಮಾವ
ಕಾಸರಗೋಡು